ಹಾಸಿಗೆಯ ಅಡಿ ಮಗ್ಗುಲು

ನೊರೆ ಮಾತ್ರ, ನೀರಲ್ಲ, ಬಟ್ಟೆಯನ್ನು ಹಿಂಡಬೇಕು, ಇನ್ನೊಂದು ಸಲ ಹಿಂಡಬೇಕು, ಹನಿ ಬೀಳುವುದು ನಿಂತ ಮೇಲೂ ಒಂದು ಸಲ, ಆಮೇಲೆ ಕಲೆಯ ಅಂಚಿನಿಂದ ನಡುವಿನ ಕಡೆಗೆ ಒತ್ತುತ್ತಾ ಬರಬೇಕು, ತಿಕ್ಕಬಾರದು, ತಿಕ್ಕಿದರೆ ಕಲೆ ಊರಗಲ ಆಗುತ್ತದೆ, ಇದನ್ನೆಲ್ಲ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಮೂವತ್ತೊಂದು ವರ್ಷ ಹಾಸಿಗೆ ಅಂಗಡಿಯಲ್ಲಿ ದಬ್ಬಳ ಹಿಡಿದ ಕೈ ಇದು, ಆದರೂ ಈ ಒಂದು ಹಾಸಿಗೆಯ ಮುಂದೆ ಹೊಸದಾಗಿ ಕೆಲಸಕ್ಕೆ ಸೇರಿದವಳ ಕೈಯ ಹಾಗೆ ಅಳುಕುತ್ತದೆ, ಮಗುವಿನ ಮಂಚದ ಹಾಸಿಗೆ, ಉದ್ದ ಎರಡೂವರೆ ಮೊಳ, ಅಗಲ ಒಂದೂಕಾಲು, ಬಾಲ್ಕನಿಯಲ್ಲಿ ಎರಡು ಸ್ಟೂಲಿನ ಮೇಲೆ ಮಲಗಿಸಿದ್ದೇನೆ, ಮೇಲಿನ ಮಗ್ಗುಲು ಮೇಲಕ್ಕೆ — ಅಡಿ ಮಗ್ಗುಲು ಅಡಿಗೇ ಇರಲಿ, ಈಗಲೇ ತಿರುಗಿಸುವುದು ಬೇಡ, ಮೊದಲು ಇದು ಮುಗಿಯಲಿ. ಹಾಲಿನ ಕಲೆ, ಅದರ ಸುತ್ತ ನೀರಿನ ಕಂದು ಗೆರೆ, ಐದು ವರ್ಷದ ಹಿಂದೆ ನಾನೇ ಒಂದು ಚೊಂಬು ನೀರು ಸುರಿದು ಮಾಡಿದ ಗೆರೆ. ಒಳಗಿನಿಂದ ಅಕ್ಕ ಕೂಗುತ್ತಾಳೆ, ಇನ್ನೂ ಒತ್ತುತ್ತಾ ಕೂತಿದೀಯೇನೇ, ಇನ್ನಷ್ಟು ಒತ್ತಿದ್ರೆ ಆ ಕಡೆಯಿಂದ ರಸ್ತೆ ಕಾಣುತ್ತೆ ನೋಡು. ಅಕ್ಕನಿಗೆ ಎಂಬತ್ತು, ಅರ್ಧ ಕಿವುಡು, ಆದರೆ ಅವಳಿಗೆ ಬೇಕಾದ ಅರ್ಧ ಚೆನ್ನಾಗಿ ಕೇಳುತ್ತದೆ. ಸಾಯಂಕಾಲ ನಾಲ್ಕಕ್ಕೆ ಗಾಡಿಯವನು ಬರುತ್ತಾನೆ, ಮಂಚ ಬಿಚ್ಚಿ ಕಟ್ಟಿಟ್ಟಾಗಿದೆ, ಕಂಬಿಗಳು ಒಂದು ಕಟ್ಟು, ಮೊಳೆಗಳು ಒಂದು ಡಬ್ಬಿಯಲ್ಲಿ, ಉಳಿದಿರುವುದು ಇದೊಂದೇ. ಮೂರು ದಿನದ ಹಿಂದೆ ಸೊಸೆ ಫೋನು ಮಾಡಿದಳು, ಅತ್ತೆ, ಆ ಪುಟ್ಟ ಮಂಚ ಇನ್ನೂ ಇದೆಯಾ, ಹಾಸಿಗೆ ಸಮೇತ ಕಳಿಸ್ತೀರಾ, ಇನ್ನೆರಡು ತಿಂಗಳು ಅಂತಾರೆ ಡಾಕ್ಟರು, ನೀವು ಹೊಲಿದ ಹಾಸಿಗೆ ಮೇಲೇ ಇದೂ ಮಲಗಲಿ ಅಂತ — ಆಮೇಲೆ, ಅವಳು ಯಾವಾಗಲೂ ಹಾಗೆ, ಮುಖ್ಯವಾದದ್ದನ್ನು ಫೋನು ಇಡುವ ಹೊತ್ತಿಗೆ ಹೇಳುವವಳು, ಈ ಸಲ ನಾನು ಸರಿಯಾಗಿ ನೋಡ್ಕೋತೀನಿ ಅತ್ತೆ, ಕಿಟಕಿ ಒಂದೂ ತೆಗೆಯಲ್ಲ, ಭಯ ಬೇಡ ನಿಮಗೆ. ಕಿಟಕಿ ಒಂದೂ ತೆಗೆಯಲ್ಲ. ಮೂರು ದಿನದಿಂದ ಬೇರೆ ಮಾತೇ ಕಿವಿಯಲ್ಲಿಲ್ಲ, ಅನ್ನ ಬಡಿಸಿಕೊಂಡರೂ ಅದೇ, ಸೂಜಿಗೆ ದಾರ ಪೋಣಿಸಿದರೂ ಅದೇ, ಮತ್ತೆ ಅವಳ ಆ ಕೈ, ತೋರುಬೆರಳಿನ ಮೇಲೆ ಇಸ್ತ್ರಿಪೆಟ್ಟಿಗೆ ಸುಟ್ಟ ಗುರುತಿದ್ದ ಆ ಕೈ, ಕಿಟಕಿಯ ಚಿಲಕದ ಮೇಲೆ.

ಸೋಡಾ ಪುಡಿ ಉದುರಿಸಬೇಕು ಈಗ, ತೆಳ್ಳಗೆ, ರೊಟ್ಟಿಗೆ ಹಿಟ್ಟು ಉದುರಿಸಿದ ಹಾಗೆ, ವಾಸನೆ ಎಳೆದುಕೊಳ್ಳಲಿ, ಒಂದು ಗಂಟೆ ಬಿಟ್ಟು ಬ್ರಷ್ಷಿನಿಂದ ಕೊಡವಿದರೆ ಆಯಿತು. ಹತ್ತಿ ಆರಿಸಿದ್ದು ನಾನೇ, ಅಂಗಡಿಯ ಯಜಮಾನರು ಕೇಳಿದ್ದರು, ಏನಮ್ಮಾ, ರಾಜಕುಮಾರ ಹುಟ್ತಾನಾ ನಿಮ್ಮನೇಲಿ, ಒಂದೊಂದೇ ಎಳೆ ನೋಡಿ ಆರಿಸ್ತಾ ಇದೀಯ, ಅಂತ, ನಾನು ನಕ್ಕಿದ್ದೆ, ರಾಜಕುಮಾರ ಅಲ್ಲ ಯಜಮಾನರೇ, ನನ್ನ ಮೊಮ್ಮಗ, ಒಂದು ಕೈ ಮೇಲೇ. ಬೇರೆಯವರಿಗೆ ಹೊಲಿದು ಹೊಲಿದು ಬೆರಳು ಸೊಟ್ಟಗಾದವು, ನಮ್ಮ ಮನೆಗೆ ಅಂತ ಹೊಲಿದ ಮೊದಲನೇ ಹೊಸ ಹಾಸಿಗೆ ಇದು, ನನ್ನ ಮಗ ಮಲಗಿದ್ದು ಅಂಗಡಿಯ ಚಿಂದಿ ತುಂಬಿದ ಚೀಲದ ಮೇಲೆ, ಆಗ ಅಷ್ಟೇ ಇದ್ದದ್ದು. ಅದಕ್ಕೇ ಇರಬೇಕು, ಇದರ ಮೇಲೆ ಒಂದು ಹನಿ ಬಿದ್ದರೆ ನನ್ನ ಮೈಮೇಲೆ ಬಿದ್ದ ಹಾಗೆ ಆಗುತ್ತಿತ್ತು. ಮಗು ಹುಟ್ಟಿ ಇನ್ನೂ ತಿಂಗಳು ತುಂಬಿರಲಿಲ್ಲ, ಕುಡಿದ ಹಾಲನ್ನೆಲ್ಲ ಕಕ್ಕಿತು, ಸೊಸೆ ಬಟ್ಟೆ ತಂದು ಒತ್ತುತ್ತಾ ಇದ್ದಳು, ಸರಿಯಾಗಿಯೇ ಒತ್ತುತ್ತಾ ಇದ್ದಳು, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡಿದವಳು ಅವಳು, ಸರಿ ಬಿಡು, ಹೀಗೆಲ್ಲ ಸವರಿದರೆ ಹೋಗಲ್ಲ ಅಂತ ಅವಳನ್ನು ಸರಿಸಿ ಚೊಂಬು ಬಗ್ಗಿಸಿದ್ದು ನಾನು. ಎರಡು ದಿನ ಮೋಡ. ಮೂರನೇ ದಿನ ಮುಟ್ಟಿ ನೋಡಿದೆ, ಮೇಲೆ ಒಣಗಿತ್ತು. ಮೇಲೆ. ಒಳಗೆ ಕೈ ಹಾಕಿ ನೋಡುವುದಕ್ಕೆ ಹೊಲಿಗೆ ಬಿಚ್ಚಬೇಕಿತ್ತು, ನನ್ನ ಹೊಲಿಗೆ ನಾನೇ ಬಿಚ್ಚುವುದೇ, ಅಷ್ಟು ಚೆಂದದ ಹೊಲಿಗೆಯನ್ನು — ಬದಲಿಗೆ ದಪ್ಪ ಪ್ಲಾಸ್ಟಿಕ್ ತಂದೆ, ಅಂಗಡಿಯಲ್ಲಿ ಮೂಟೆ ಕಟ್ಟುವ ಪ್ಲಾಸ್ಟಿಕ್ಕು, ಮೇಲೂ ಕೆಳಗೂ ಸುತ್ತಿ ಗವಸು ಮಾಡಿ ಮೇಣದ ದಾರದಲ್ಲಿ ಸುತ್ತಲೂ ಹೊಲಿದುಬಿಟ್ಟೆ, ಲಾಡಿ ಇಲ್ಲ, ಗುಂಡಿ ಇಲ್ಲ, ತೆಗೆಯುವ ಪ್ರಶ್ನೆಯೇ ಇಲ್ಲ. ಅದರ ಮೇಲೆ ದುಪ್ಪಟಿ. ಇನ್ನು ಸಮುದ್ರವೇ ಬರಲಿ, ಅಂದೆ. ಸೊಸೆ ಬಾಗಿಲಲ್ಲಿ ನಿಂತು ನೋಡಿದಳು, ಅತ್ತೆ, ಅಡೀಲಾದ್ರೂ ಬಿಡಬಹುದಿತ್ತೇನೋ, ಬೆವರುತ್ತೆ ಅದು. ಏನು ಬೆವರುತ್ತೆ, ಹಾಸಿಗೆಗೆ ಜ್ವರ ಬರುತ್ತಾ, ಮೂವತ್ತೊಂದು ವರ್ಷ ಹೊಲಿದವಳಿಗೆ ನೀನು ಹೇಳಿಕೊಡ್ತೀಯಾ? ಅವಳು ಒಳಗೆ ಬಂದು ಕಿಟಕಿ ತೆಗೆದಳು. ನಾನು ಎದ್ದು ಹೋಗಿ ಮುಚ್ಚಿದೆ. ಟಕ್ ಅಂತು ಚಿಲಕ. ಯಜಮಾನರು ದಿನಾ ಹೇಳುತ್ತಿದ್ದ ಮಾತು ನನಗೆ ಗೊತ್ತಿಲ್ಲದ್ದೇ, ಹಾಸಿಗೆಗೂ ಉಸಿರು ಬೇಕು ಕಣ್ರೇ, ಕಟ್ಟಿ ಕೊಡುವಾಗ ಒಂದು ಮೂಲೆ ಬಿಡಿ ಅಂತ, ಅಂಗಡಿಯ ಹುಡುಗಿಯರಿಗೆಲ್ಲ ನಾನೇ ಹೇಳಿಕೊಟ್ಟ ಪಾಠ, ಊರಿಗೆಲ್ಲ ಹೇಳಿ ಮನೆಗೆ ಬರುವಷ್ಟರಲ್ಲಿ ಮರೆತುಹೋಯಿತು.

ಆಮೇಲೆ ಕೆಮ್ಮು. ಮೊದಲು ಕೆಮ್ಮು, ಆಮೇಲೆ ಗೊರಗೊರ, ಮಲಗಿಸಿದ ಅರ್ಧ ಗಂಟೆಗೆ ಶುರು, ಎತ್ತಿಕೊಂಡರೆ ಕಡಿಮೆ, ಹೆಗಲ ಮೇಲೆ ಹಾಕಿಕೊಂಡು ತಿರುಗಿದರೆ ನಿದ್ದೆ ಹೋಗುತ್ತಿತ್ತು, ಮತ್ತೆ ಹಾಸಿಗೆಗೆ ಹಾಕಿದರೆ ಗೊರಗೊರ, ನಮಗೆ ಕಣ್ಣಿರಲಿಲ್ಲವೇ, ಇತ್ತು, ಕಣ್ಣೆಲ್ಲ ಕಿಟಕಿಯ ಮೇಲಿತ್ತು. ಅಕ್ಕ ಇಂಜಿನ್ ಅಂತ ಹೆಸರಿಟ್ಟಳು, ಇಂಜಿನ್ ಬಂತು ಇಂಜಿನ್, ಕಲ್ಲಿದ್ದಲು ಹಾಕಿ, ನಗಿಸುವುದಕ್ಕೆ ಅಂದದ್ದು, ನಕ್ಕೆವು ಕೂಡ, ಆದರೆ ಮಗುವಿನ ಪಕ್ಕೆ ಒಳಕ್ಕೆ ಹೋಗಿ ಹೊರಕ್ಕೆ ಬರುವುದನ್ನು ನೋಡುತ್ತಾ ಎಷ್ಟು ಹೊತ್ತು ನಗುತ್ತಾರೆ ಯಾರಾದರೂ. ಚಿಕಿತ್ಸಾಲಯದ ಡಾಕ್ಟರಮ್ಮ ಕೇಳಿದರು, ಮಗು ಮಲಗೋ ಜಾಗ ಒಣಗಿರುತ್ತಾ? ಸೊಸೆ ಬಾಯಿ ತೆಗೆಯುವ ಮೊದಲೇ ನಾನು, ಒಂದು ಹನಿ ಒಳಗೆ ಹೋಗಲ್ಲ ಡಾಕ್ಟ್ರೇ, ನನ್ನ ಕೈಯಾರೆ ಹೊಲಿದಿದೀನಿ. ಸುಳ್ಳಲ್ಲ ಅದು. ಒಂದು ಹನಿ ಒಳಗೆ ಹೋಗುತ್ತಿರಲಿಲ್ಲ, ಒಂದು ಹನಿ ಹೊರಗೂ ಬರುತ್ತಿರಲಿಲ್ಲ. ಮನೆಗೆ ಬಂದು ಮಗನಿಗೆ ಹೇಳಿದೆ, ನಿನ್ನ ಹೆಂಡತಿ ದಿನಾ ಬೆಳಗ್ಗೆ ಕಿಟಕಿ ಹಾರು ಹೊಡೆದು ಇಡ್ತಾಳೆ, ತಣ್ಣಗಿನ ಗಾಳಿ ನೇರ ಮಗೂನ ಎದೆಗೆ ಬಡಿಯುತ್ತೆ, ಕೆಮ್ಮು ಬರದೆ ಇನ್ನೇನು ಬರುತ್ತೆ. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ನನ್ನ ಮಗ ಕೆಟ್ಟವನಲ್ಲ, ತಕ್ಕಡಿ ರಿಪೇರಿ ಮಾಡುವವನು, ಊರಿನವರ ತೂಕವನ್ನೆಲ್ಲ ಕೂದಲೆಳೆ ಆಚೀಚೆ ಆಗದ ಹಾಗೆ ಸರಿ ಮಾಡಿ ಕೊಡುತ್ತಾನೆ, ಮನೆಯ ತಕ್ಕಡಿಯಲ್ಲಿ ಮಾತ್ರ ಅಮ್ಮನ ತಟ್ಟೆ ಯಾವಾಗಲೂ ಕೆಳಗೆ. ನೀನು ಕಿಟಕಿ ಮುಟ್ಟಬೇಡ, ಅಂದ ಅವಳಿಗೆ, ಎಲ್ಲರೆದುರು, ಪಕ್ಕದ ಮನೆಯ ಗಡಿಯಾರದವನ ಹೆಂಡತಿಯ ಎದುರು ಕೂಡ, ಆಕೆ ತಲೆಯಾಡಿಸಿ, ಈಗಿನ ಹುಡುಗೀರಿಗೆ ಗಾಳಿ ಹುಚ್ಚು ಅಂದಳು, ನಾನು ಆಕೆಗೆ ಇನ್ನೊಂದು ಲೋಟ ಕಾಫಿ ಕೊಟ್ಟೆ, ಅಷ್ಟು ಹಿತವಾಯಿತು ನನಗೆ ಆ ಮಾತು. ಸೊಸೆ ಅಳಲಿಲ್ಲ. ಅತ್ತಿದ್ದರೆ ಜಗಳ ಆಗುತ್ತಿತ್ತು, ಜಗಳ ಆಗಿದ್ದರೆ ಮುಗಿಯುತ್ತಿತ್ತು. ಮಧ್ಯಾಹ್ನ ನಾನು ಅಡುಗೆಮನೆಯಿಂದ ಬಂದಾಗ ನೋಡಿದೆ, ಕಿಟಕಿಯ ಮುಂದೆ ನಿಂತಿದ್ದಳು, ಕೈ ಚಿಲಕದ ಮೇಲೆ, ತೆಗೆಯುತ್ತಿಲ್ಲ, ಬಿಡುತ್ತಲೂ ಇಲ್ಲ, ಸುಟ್ಟ ಬೆರಳು ಚಿಲಕವನ್ನು ಸುಮ್ಮನೆ ಸವರುತ್ತಾ ಇತ್ತು, ಹಿಂದೆ ಮಗು ಗೊರಗೊರ ಅನ್ನುತ್ತಾ. ಆಮೇಲೆ ಕೈ ಕೆಳಗಿಳಿಸಿದಳು. ಅವಳಿಗೂ ನಂಬಿಕೆ ಬಂದುಬಿಟ್ಟಿತ್ತು ಅವತ್ತು, ತನ್ನಿಂದಲೇ ಅಂತ, ಅದನ್ನು ನಾನು ಕಣ್ಣಾರೆ ನೋಡಿದೆ, ನೋಡಿ, ಗೆದ್ದೆ ಅಂದುಕೊಂಡೆ.

ಮಗುವಿಗೆ ಒಂದು ವರ್ಷ ಆಗುವ ಹೊತ್ತಿಗೆ ಅವಳಿಗೆ ಬೇರೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ನಾಲ್ಕು ಗಂಟೆ ದಾರಿ, ಮಗನೂ ತಕ್ಕಡಿ ಪೆಟ್ಟಿಗೆ ಹೊತ್ತು ಹೊರಟ, ಜಗಳ ಇಲ್ಲ, ಬಾಗಿಲು ಬಡಿದದ್ದಿಲ್ಲ, ಮಂಚ ಇಡಲು ಅಲ್ಲಿ ಜಾಗ ಇಲ್ಲ ಅತ್ತೆ, ಅಂದಳು, ಅಷ್ಟೇ. ಅವರು ಹೋದ ಒಂದು ವಾರಕ್ಕೆ ಹಾಸಿಗೆ ಅಟ್ಟದ ಮೇಲೆ ಇಡೋಣ ಅಂತ ಎತ್ತಿದೆ, ಭಾರ ಅನ್ನಿಸಿತು, ನನ್ನ ಕೈಗೆ ಗೊತ್ತಾಗುತ್ತದಲ್ಲ ಭಾರ, ಎಷ್ಟು ಹತ್ತಿ ತುಂಬಿದ್ದೆ ಅಂತ ನೆನಪಿದೆ, ಅದಕ್ಕಿಂತ ಹೆಚ್ಚು, ತಿರುಗಿಸಿದೆ, ಅಡಿ ಮಗ್ಗುಲಲ್ಲಿ ಪ್ಲಾಸ್ಟಿಕ್ಕಿನ ಒಳಗೆ ಮಂಜು ಕಟ್ಟಿದ ಹಾಗೆ, ಆ ಮಂಜಿನ ಹಿಂದೆ ಕಪ್ಪು. ಚುಕ್ಕೆ ಚುಕ್ಕೆ ಕಪ್ಪು, ಬೂಷ್ಟು, ಅಲ್ಲಲ್ಲಿ ಅಲ್ಲ, ಒಂದು ಆಕಾರ, ತಲೆ ಬರುವ ಕಡೆ ದುಂಡಗೆ, ಬೆನ್ನು ಬರುವ ಕಡೆ ಅಗಲ, ಮಗು ಮಲಗಿದ ಹಾಗೆಯೇ. ನನ್ನ ಹೊಲಿಗೆಯ ಸಂದಿಯಿಂದ ವಾಸನೆ, ಒದ್ದೆ ಗೋಣಿಯ ವಾಸನೆ, ಆ ಸಂದಿಗೆ ಸರಿಯಾಗಿ ಮಗುವಿನ ಮೂಗು. ಅಕ್ಕ ಕೇಳಿದಳು, ಏನೇ ಅದು, ಹಾವು ಕಂಡವಳ ಹಾಗೆ ನಿಂತಿದೀಯ? ಏನಿಲ್ಲ, ಜೇಡ, ಅಂದೆ. ಹಳೇ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ, ಮುಚ್ಚಿಡುವುದರಲ್ಲಿ ನನ್ನ ಕೈ ಮುಂದೆ ಯಾರದ್ದು. ಅಲ್ಲಿ ಹೋದ ಎರಡು ತಿಂಗಳಿಗೆ ಕೆಮ್ಮು ನಿಂತಿತು ಅಂತ ಸುದ್ದಿ ಬಂತು, ಮಗ ಫೋನಿನಲ್ಲಿ ಹೇಳಿದ, ನೀನು ಹೇಳಿದ್ದೇ ಸರಿ ಅಮ್ಮ, ಇಲ್ಲಿ ಕಿಟಕಿ ತೆಗೆಯೋಕೆ ಬಿಟ್ಟಿಲ್ಲ ನಾನು. ಆಗ ಹೇಳಬೇಕಿತ್ತು. ಹೂಂ ಅಂದೆ. ಒಂದು ಹೂಂ, ನಾಲ್ಕು ವರ್ಷ. ಅರವತ್ತೆಂಟಕ್ಕೆ ಅಕ್ಷರ ಕಲಿಯಲು ಸಂಜೆ ಶಾಲೆಗೆ ಸೇರಿದ್ದು ಅದಕ್ಕೇ ಅಂತ ಯಾರಿಗೂ ಹೇಳಿಲ್ಲ, ಎಲ್ಲರಿಗೂ ಬಸ್ಸಿನ ಬೋರ್ಡು ಓದೋಕೆ ಅಂದಿದ್ದೇನೆ. ಬಾಯಲ್ಲಿ ಹೇಳಿದರೆ ಫೋನು ಮೊದಲು ಎತ್ತುವವನು ಮಗ, ಅವಳಿಗೆ ಹೇಳಿದರೂ ಅವಳ ಹತ್ತಿರ ಉಳಿಯುವುದೇನು, ಗಾಳಿ, ಬರೆದು ಕೊಟ್ಟರೆ ಕಾಗದ ಇರುತ್ತದೆ, ಗಂಡನ ಮುಂದೆ ಹಿಡಿಯಬಹುದು, ನೋಡಿ, ನಿಮ್ಮ ಅಮ್ಮನ ಕೈಬರಹ. ಎರಡನೇ ವರ್ಷ ಟೀಚರಮ್ಮ ಪತ್ರಲೇಖನ ಕೊಟ್ಟರು, ಊರಿನ ಬಂಧುವಿಗೆ ಕ್ಷೇಮಸಮಾಚಾರ, ಎಲ್ಲರೂ ನಾವು ಇಲ್ಲಿ ಕ್ಷೇಮ ಅಂತ ಬರೆದರು, ನಾನು ಬರೆದೆ, ನಿನ್ನ ಕಿಟಕಿಯಿಂದ ಏನೂ ಆಗಲಿಲ್ಲ, ನನ್ನ ಹಾಸಿಗೆಯಿಂದ ಆಯಿತು. ಒಂದೂವರೆ ಪುಟ. ಟೀಚರಮ್ಮ ಓದಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು, ನನ್ನ ಮಗಳ ವಯಸ್ಸಿನವರು, ಅಂಕ ಹಾಕಲಿಲ್ಲ, ಅಜ್ಜಿ, ಇದನ್ನ ಕೊಡಬೇಕಾದ್ದು ನನಗಲ್ಲ ಅಂದರು. ಹೂಂ ಅಂದೆ. ಇನ್ನೊಂದು ಹೂಂ. ಎರಡು ವರ್ಷದಿಂದ ಗುಂಡಿ ಡಬ್ಬಿಯಲ್ಲಿದೆ ಆ ಕಾಗದ. ಅಕ್ಕನಿಗೆ ಗೊತ್ತು, ಅವಳಿಗೆ ಓದಲು ಬರುವುದಿಲ್ಲ, ಆದರೂ ಗೊತ್ತು, ಏನೇ, ಕಾಗದಕ್ಕೆ ಕಾವು ಕೊಡ್ತಾ ಕೂತಿದೀಯಾ, ಮರಿ ಆಗುತ್ತಾ ಅದು?

ಸೋಡಾ ಕೊಡವಿದೆ. ಮೇಲಿನ ಮಗ್ಗುಲು ಪರವಾಗಿಲ್ಲ, ಗೆರೆ ಮಾಸಿದೆ, ಮೂಸಿ ನೋಡಿದೆ, ಸೋಪಿನ ವಾಸನೆ, ಒಳ್ಳೆಯದು, ಇನ್ನು ತಿರುಗಿಸಲೇಬೇಕು. ತಿರುಗಿಸಿದೆ. ಹೋದ ವಾರವಿಡೀ ವಿನೆಗರ್ ಹಾಕಿ ಒರೆಸಿ, ಬಿಸಿಲಿಗಿಟ್ಟು, ಮತ್ತೆ ಒರೆಸಿ — ಅಲ್ಲ, ಹೋದ ವಾರ ಎಲ್ಲಿಂದ, ಮೂರೇ ದಿನ, ಅವಳು ಫೋನು ಮಾಡಿದ ಮಾರನೇ ಬೆಳಗ್ಗೆಯೇ ಆ ಪ್ಲಾಸ್ಟಿಕ್ ಗವಸು ಕತ್ತರಿಸಿ ತೆಗೆದದ್ದು, ಮೂರು ದಿನ ಇಷ್ಟುದ್ದ ಆಗಿವೆ ನನಗೆ. ಕಪ್ಪು ತಿಳಿಯಾಗಿದೆ, ಬೂದಿ ಬಣ್ಣ, ಹೊಸ ಬಟ್ಟೆಯ ಗವಸು ಹಾಕಿಬಿಟ್ಟರೆ ಯಾರಿಗೂ ಕಾಣಿಸುವುದಿಲ್ಲ, ಹಾಕಿಯೇ ಕಳಿಸುವುದು ಅಂತಲ್ಲವೇ ನಾನು ಬೆಳಗ್ಗೆಯಿಂದ ಒತ್ತುತ್ತಾ ಕೂತಿರುವುದು, ಶುಭ್ರ ಮಾಡಿ, ಮಾತಾಡದೆ, ಹಾಸಿಗೆಯನ್ನು ಕಳಿಸಿ ನಾನು ಕೈ ತೊಳೆದುಕೊಳ್ಳುವುದು. ಕುಂಬಳಕಾಯಿ ಕಳ್ಳಿ, ಹೆಗಲು ಒರೆಸಿಕೊಳ್ಳುತ್ತಾ ಇದ್ದೇನೆ. ಒಣಗಿದೆಯೇ ಒಳಗೆ, ಮೇಲೆ ಮುಟ್ಟಿದರೆ ಒಣಗಿದೆ, ಮೇಲೆ — ಈ ಮಾತು ಹಿಂದೊಮ್ಮೆ ಅಂದಿದ್ದೇನೆ. ಕತ್ತರಿ ಎಲ್ಲಿ. ಅಕ್ಕಾ, ಕತ್ತರಿ! ಬಂದಳು, ಗೋಡೆ ಹಿಡಿದುಕೊಂಡು, ಕತ್ತರಿಯ ಹಿಡಿ ನನ್ನ ಕಡೆ ಮಾಡಿ ಕೊಟ್ಟಳು, ನಿನ್ನ ಹೊಲಿಗೆ ನೀನೇ ಬಿಚ್ತೀಯಾ, ಅಂದಳು, ನಗಲಿಲ್ಲ. ಟಿಕ್ ಟಿಕ್ ಟಿಕ್, ಒಳ್ಳೆಯ ಹೊಲಿಗೆ, ಬಿಚ್ಚುವುದು ಕಷ್ಟ, ಮೂಲೆಯಿಂದ ಒಂದು ಗೇಣು ಬಿಚ್ಚಿ ಕೈ ಹಾಕಿದೆ, ಮೊಣಕೈವರೆಗೆ, ತಣ್ಣಗೆ, ಐದು ವರ್ಷದ ತಣ್ಣಗೆ, ಹಿಡಿ ತುಂಬ ಹತ್ತಿ ಎಳೆದೆ, ಎಳೆ ಎಳೆಯಾಗಿ ಆರಿಸಿದ್ದ ಹತ್ತಿ, ಬಿಳಿ ಇಲ್ಲ, ಕಪ್ಪೂ ಇಲ್ಲ, ಗಂಟುಗಂಟು, ಅಂಗೈಯಲ್ಲಿ ಹಿಂಡಿದರೆ ಪುಡಿಪುಡಿ. ಅಕ್ಕ ಮೂಸಿದಳು, ಮುಖ ತಿರುಗಿಸಿದಳು, ಇದಾ ಜೇಡ, ಅಂದಳು. ಇದೇ ಜೇಡ. ಅಯ್ಯೋ ಹುಚ್ಚಿ, ಇಷ್ಟು ವರ್ಷ ಇದನ್ನ ತಲೆ ಮೇಲೆ ಇಟ್ಕೊಂಡು ಮಲಗಿದ್ಯಾ, ಅಟ್ಟದಲ್ಲಿ? ಎಂದು ನನ್ನ ಬೆನ್ನ ಮೇಲೆ ಕೈಯಿಟ್ಟಳು, ಒಣಗಿದ ಹಗುರ ಕೈ, ಆಗ ಏನಾಯಿತೋ, ಅಳು ಬರಬೇಕಿತ್ತು, ನಗು ಬಂತು, ಎದೆಯಲ್ಲಿ ಒಂದು ಮೂಲೆಯ ಹೊಲಿಗೆ ಬಿಚ್ಚಿಕೊಂಡು ಗಾಳಿ ಒಳಗೆ ಹೋದ ಹಾಗೆ. ಹಾಸಿಗೆಯನ್ನು ಮಗುವಿನಿಂದ ಕಾಪಾಡಿದೆ ಅಕ್ಕ ನಾನು, ಮಗುವನ್ನು ಹಾಸಿಗೆಯಿಂದ ಕಾಪಾಡಲಿಲ್ಲ. ಏನು ಅಂದೆ, ಕೇಳಲಿಲ್ಲ, ಅಂದಳು. ಕೇಳಿತ್ತು. ಇದು ಹೋಗುವುದಿಲ್ಲ, ಕಸದ ಗಾಡಿಗೆ ಹೋಗುತ್ತದೆ, ಮಂಚ ಮಾತ್ರ ಹೋಗಲಿ, ಎರಡು ತಿಂಗಳಿದೆ, ಹೊಸದು ಹೊಲಿಯುತ್ತೇನೆ, ಕಣ್ಣು ಮಂಜಾದರೂ ಬೆರಳಿಗೆ ದಾರಿ ಗೊತ್ತು, ಈ ಸಲ ಬಟ್ಟೆಯ ಗವಸು, ಎರಡು, ಒಂದು ಒಗೆದಾಗ ಒಂದು, ಲಾಡಿ ಕಟ್ಟಿ, ಯಾರು ಬೇಕಾದರೂ ಬಿಚ್ಚಿ ನೋಡುವ ಹಾಗೆ, ಉಚ್ಚೆ ಹೊಯ್ದರೆ ಹೊಯ್ಯಲಿ, ವಾರಕ್ಕೊಮ್ಮೆ ಎತ್ತಿ ನಿಲ್ಲಿಸಿದರೆ ಸಾಕು, ಎರಡೂ ಮಗ್ಗುಲಿಗೆ ಬಿಸಿಲು.

ಗುಂಡಿ ಡಬ್ಬಿ. ಕಾಗದ ಬಿಡಿಸಿದೆ, ಅಕ್ಷರಗಳು ಒಂದೊಂದೂ ಒಂದೊಂದು ದಿಕ್ಕಿಗೆ ವಾಲಿವೆ, ಆದರೂ ಓದಬಹುದು, ಕೆಳಗೆ ಜಾಗ ಇತ್ತು, ಬರೆದೆ, ಹಳೆಯ ಹಾಸಿಗೆ ಕಳಿಸುತ್ತಿಲ್ಲ, ಅದರ ಹೊಟ್ಟೆ ಇವತ್ತು ಬಿಚ್ಚಿ ನೋಡಿದೆ, ಈ ಕಾಗದ ನಿನ್ನ ಗಂಡನಿಗೆ ತೋರಿಸು, ಆಮೇಲೆ ಕಿಟಕಿ ತೆಗೆದಿಡು, ದಿನಾ ತೆಗೆದಿಡು. ಹೊಸ ಲಕೋಟೆಯ ಮೇಲೆ ವಿಳಾಸ, ಅದರ ಮೇಲ್ಗಡೆ ಅವಳ ಹೆಸರು, ಅವಳ ಹೆಸರು ಮಾತ್ರ, ಇಂಥವನ ಹೆಂಡತಿ ಅಂತ ಬರೆಯಲಿಲ್ಲ. ನಾಲ್ಕಕ್ಕೆ ಸರಿಯಾಗಿ ಗಾಡಿಯವನು ಬಂದ, ಮೀಸೆಯಲ್ಲಿ ಮರದ ಪುಡಿ, ಇಷ್ಟೇನಾ ಅಜ್ಜಿ, ಮಂಚ ಇದೆ, ಹಾಸಿಗೆ ಎಲ್ಲಿ, ಕಂಬಿ ಮೇಲೆ ಮಲಗಿಸ್ತಾರಾ ಕೂಸನ್ನ, ಎಂದು ನಕ್ಕ, ಹಾಸಿಗೆ ಹಿಂದಿನಿಂದ ಬರುತ್ತೆ ಅಪ್ಪಾ, ಕೂಸೇ ಇನ್ನೂ ಬಂದಿಲ್ಲ, ಅಂದೆ. ಕೈಯಲ್ಲಿದ್ದ ಲಕೋಟೆ ನೋಡಿದ, ಅದನ್ನೂ ಕೊಡಿ, ಅಲ್ಲಿಗೇ ತಾನೆ, ನಾನೇ ಮುಟ್ಟಿಸ್ತೀನಿ. ಕೊಡಬಹುದಿತ್ತು, ಆದರೆ ಗಾಡಿ ಇಳಿಸಿಕೊಳ್ಳುವವನು ಮಗ, ಕಾಗದ ಮೊದಲು ಅವನ ಕೈಗೆ, ಅದಕ್ಕಿಂತ ಹೆಚ್ಚು, ಗಾಡಿಯ ಹಿಂದೆ ಓಡಿ ಹೋಗಿ ಕೊಡಪ್ಪಾ ವಾಪಸ್ಸು ಅನ್ನುವವಳು ನಾನು, ನನ್ನನ್ನು ನಾನು ಬಲ್ಲೆ. ಬೇಡಪ್ಪಾ, ಇದಕ್ಕೆ ಸ್ಟಾಂಪು ಹಚ್ಚಿಯಾಗಿದೆ. ಅಂಚೆ ಡಬ್ಬಿ ಬೀದಿಯ ತಿರುವಿನಲ್ಲಿ, ಬೀಗದಂಗಡಿಯ ಪಕ್ಕ, ನೂರ ಹನ್ನೆರಡು ಹೆಜ್ಜೆ, ಎಣಿಸಿದ್ದೇನೆ ಎಷ್ಟೋ ಸಲ, ನೂರ ಹನ್ನೆರಡು ಹೋಗಿ ನೂರ ಹನ್ನೆರಡು ವಾಪಸ್ಸು ಬಂದಿದ್ದೇನೆ, ಕಾಗದವೂ ವಾಪಸ್ಸು ಗುಂಡಿ ಡಬ್ಬಿಗೆ. ಮೊನ್ನೆ ಫೋನು ಇಡುವ ಮೊದಲು ಮೊಮ್ಮಗ ಕಿತ್ತುಕೊಂಡು ಮಾತಾಡಿದ, ಅಜ್ಜಿ, ಡಾಕ್ಟ್ರು ನನ್ನ ಎದೆಗೆ ತಣ್ಣಗೆ ಇಟ್ಟು ಕೇಳಿದ್ರು, ಒಳಗೆ ಏನೂ ಸದ್ದಿಲ್ವಂತೆ, ಓಡಬಹುದಂತೆ, ನಾನೀಗ ಸದ್ದು ಮಾಡದೇ ಇರೋ ಇಂಜಿನ್ನು! ಸದ್ದು ಮಾಡದ ಇಂಜಿನ್ನು, ಅದನ್ನು ಅಕ್ಕನಿಗೆ ಹೇಳಿದಾಗ ಎಷ್ಟು ನಕ್ಕಳು, ಮಗು ಉಳಿದುಕೊಂಡಿತು, ಏನೂ ಆಗದೆ ಉಳಿದುಕೊಂಡಿತು, ನನ್ನ ಹೊಲಿಗೆಯಿಂದ ಪಾರಾಗಿ ಓಡುತ್ತಾ ಇದೆ. ತೊಂಬತ್ತು, ನೂರು, ಬೀಗದವನು ತಲೆಯೆತ್ತಿದ, ಏನಜ್ಜಿ, ಇವತ್ತಾದ್ರೂ ಹಾಕ್ತೀರಾ, ಇಲ್ಲಾ ಡಬ್ಬಿಗೆ ತೋರಿಸಿಕೊಂಡು ಹೋಗ್ತೀರಾ, ಅಂದರೆ ನೋಡುತ್ತಾ ಇದ್ದಾನೆ ಇಷ್ಟು ದಿನ, ಪುಣ್ಯಾತ್ಮ, ಹಾಕ್ತೀನಪ್ಪಾ, ಹಾಕ್ತೀನಿ. ಡಬ್ಬಿಗೆ ಬಾಯಿ ಇದೆ, ಕೈ ಇಲ್ಲ, ತೆಗೆದುಕೊಂಡದ್ದನ್ನು ತಿರುಗಿ ಕೊಡುವುದಿಲ್ಲ, ಅದು ಒಳ್ಳೆಯದು, ಲಕೋಟೆ ಅರ್ಧ ಒಳಗೆ, ಅರ್ಧ ನನ್ನ ಬೆರಳಲ್ಲಿ, ಬೆರಳಿನಲ್ಲಿ ಇನ್ನೂ ಸೋಡಾ ಪುಡಿ, ಇದನ್ನು ಓದಿ ಅವಳು ಇನ್ನು ನನ್ನ ಮುಖ ನೋಡದೇ ಇರಬಹುದು, ಇರಲಿ, ಅದು ಅವಳ ಲೆಕ್ಕ, ಹೊಸ ಹಾಸಿಗೆ ಹೊಲಿದೇ ಹೊಲಿಯುತ್ತೇನೆ, ಬೆರಳು ಬಿಟ್ಟೆ, ಒಳಗೆ ತಳಕ್ಕೆ ತಾಗಿ ಟಕ್ ಅಂತು, ಟಕ್, ಚಿಲಕ, ಆ ಕೈ, ತೋರುಬೆರಳಿನ ಮೇಲೆ ಸುಟ್ಟ ಗುರುತು, ಚಿಲಕದ ಮೇಲೆ, ಹಿಂದಿನಿಂದ ನನ್ನ ಕೈ ಬರುತ್ತಿಲ್ಲ ಈ ಸಲ, ಆ ಕೈ, ಚಿಲಕ, ತೆಗೆಯುತ್ತಾ ಇದೆ, ಆ ಕೈ —